ಮೊಹರು ಎಣಿಸುವ ಮುನಿಯಕ್ಕ

ಬೆಳಗಿನ ಆರು ಗಂಟೆ. ಚಾಮರಾಜಪೇಟೆಯ ಹೆರಿಗೆ ಆಸ್ಪತ್ರೆಯೊಂದರ ಗೇಟಿನಲ್ಲಿ ಆಯಾ ಮುನಿಯಕ್ಕ ಕಸ ಗುಡಿಸುತ್ತಿದ್ದಾರೆ. ಸಾಲಿನಲ್ಲಿ ನಿಂತ ಹೆಂಗಸೊಬ್ಬಳ ಚೀಟಿಯನ್ನು ಇಸಿದುಕೊಂಡು ಬೆಳಕಿಗೆ ಹಿಡಿಯುತ್ತಾರೆ. ಅವರಿಗೆ ಓದು ಬಾರದು. ರೋಗಿ ಬಂದಾಗಲೆಲ್ಲ ಆಸ್ಪತ್ರೆಯವರು ಚೀಟಿಗೆ ಒತ್ತುವ ನೇರಳೆ ಮೊಹರುಗಳನ್ನು ಎಣಿಸುತ್ತಾರೆ.

"ಎರಡಾಗೈತಲ್ಲವ್ವಾ. ತೆಗೆಸಕ್ಕೆ ತಾನೆ ಬಂದಿರೋದು? ಈ ಡಾಕ್ಟ್ರಮ್ಮ ಮಾಡಲ್ಲ. ಇಲ್ಲಿ ದಿನ ಕಳೀಬೇಡ, ದೊಡ್ಡಾಸ್ಪತ್ರೆಗೆ ಹೋಗು," ಎಂದು ಮೆಲ್ಲಗೆ ಹೇಳುತ್ತಾರೆ.

ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು 1971ರಲ್ಲಿ ಬಂದು ಈಗ ಏಳು ವರ್ಷವಾಯಿತು. ಇಲ್ಲಿನ ವೈದ್ಯೆಯ ಮನಸ್ಸು ಅದಕ್ಕೆ ಒಪ್ಪುವುದಿಲ್ಲ. ಬೇಡ, ಒಪ್ಪದ ಕೆಲಸವನ್ನು ಬಲವಂತದಿಂದ ಮಾಡಿಸಿ ಎಂದು ನಾನೂ ಹೇಳುವುದಿಲ್ಲ. ಆದರೆ ಆಗದು ಎಂದು ಬಾಯಿಬಿಟ್ಟು ಹೇಳಲು ಏನು ಧಾಡಿ? ಅವರು ಚೀಟಿಯಲ್ಲಿ ಬರೆಯುವುದು ಒಂದೇ, ಮುಂದಿನ ವಾರ ಬನ್ನಿ. ಇಂಥ ನಾಲ್ಕೈದು ವಾರ ಕಳೆಯುವಷ್ಟರಲ್ಲಿ ಗರ್ಭ ಬೆಳೆದು, ತೆಗೆಯುವುದೇ ಅಪಾಯ ಎನ್ನುವ ಹಂತ ಮುಟ್ಟಿರುತ್ತದೆ.

ಓಕಳಿಪುರಂನ ಗಂಗರತ್ನಮ್ಮ ಮೂರು ಮಕ್ಕಳ ತಾಯಿ, ಹೃದಯದ ಕಾಯಿಲೆಯವಳು. ಇನ್ನೊಂದು ಹೆರಿಗೆ ತಡೆಯಲಾರಳು ಎಂದು ಬೇರೆ ವೈದ್ಯರು ಬರೆದುಕೊಟ್ಟಿದ್ದರು. ಹೋದ ವರ್ಷ ಐದು ವಾರ ಇಲ್ಲಿಗೆ ಅಲೆದಳು. ಕೊನೆಗೆ ಹೆರಿಗೆಯಲ್ಲೇ ತೀರಿಕೊಂಡಳು.

"ಪ್ರತಿ ಸಲ ಬೆಂಚಲ್ಲಿ ಕೂರ್ಸಿ, ನೀರು ಕೊಟ್ಟು, ಬರೋ ವಾರ ತಪ್ದೆ ಬಾರವ್ವ ಅಂತ ನಾನೇ ಕಳಿಸ್ತಿದ್ದೆ. ಡಾಕ್ಟ್ರು ಮಾತಲ್ವಾ, ನಂಬಿದ್ದೆ. ಅವಳ ಚೀಟೀಲಿ ಐದು ಮೊಹರಿದ್ವು," ಎನ್ನುತ್ತಾರೆ ಮುನಿಯಕ್ಕ. ಅಂದಿನಿಂದ ಎರಡು ಮೊಹರು ಕಂಡರೆ ಅವರು ಸುಮ್ಮನಿರುವುದಿಲ್ಲ. ವಾರಕ್ಕೆ ಮೂರು ನಾಲ್ಕು ಹೆಂಗಸರಾದರೂ ಹೀಗೆ ಸಿಗುತ್ತಾರೆ.

ಈಗ ಆಸ್ಪತ್ರೆಯ ಆಡಳಿತದವರು ಇವರಿಗೇ ನೋಟಿಸು ಕೊಟ್ಟಿದ್ದಾರೆ. ರೋಗಿಗಳ ದಾರಿ ತಪ್ಪಿಸುತ್ತಿದ್ದಾಳಂತೆ. ಗೇಟಿನಲ್ಲಿ ಇನ್ನು ತುಟಿ ಬಿಚ್ಚುವುದಿಲ್ಲ ಎಂಬ ಕಾಗದಕ್ಕೆ ಸೋಮವಾರದೊಳಗೆ ಹೆಬ್ಬೆಟ್ಟು ಒತ್ತಬೇಕು, ಇಲ್ಲವೇ ಹತ್ತೊಂಬತ್ತು ವರ್ಷದ ಕೆಲಸ ಬಿಡಬೇಕು. ದಾರಿ ತಪ್ಪಿಸಿದವರು ಯಾರು ಸ್ವಾಮಿ? ಗಂಡನಿಲ್ಲದ ಈ ಹೆಂಗಸಿನ ಅನ್ನಕ್ಕೆ ಕಲ್ಲು ಹಾಕಲು ಇವರಿಗೆ ನಾಚಿಕೆಯಾಗಬೇಕು.

ಏನಾಗಬೇಕು ಎಂದು ಕೇಳುತ್ತೇನೆ.

"ಒಂದು ಬೋರ್ಡು ಹಾಕ್ಲಿ ಸಾಕು. ಇಲ್ಲಿ ಆಗಲ್ಲ, ಇಂಥಾ ಕಡೆ ಹೋಗಿ ಅಂತ. ನನ್ ಪಾಡಿಗೆ ನಾನು ಕಸ ಗುಡಿಸ್ಕೊಂಡಿರ್ತೀನಿ."

ಹೆಬ್ಬೆಟ್ಟು ಒತ್ತುತ್ತೀರಾ?

ಮುನಿಯಕ್ಕ ಪೊರಕೆಯನ್ನು ಗೋಡೆಗೆ ಒರಗಿಸುತ್ತಾರೆ. "ಒತ್ತಲ್ಲ. ಡಾಕ್ಟ್ರಮ್ಮಂಗೆ ಮನಸ್ಸು ಒಪ್ಪಲ್ಲ ಅಂದ್ರೆ ಯಾರೂ ಬಲವಂತ ಮಾಡಲ್ಲ. ನಂಗೂ ಮನಸ್ಸು ಒಪ್ಪಲ್ಲ ಸ್ವಾಮಿ."