ಅಲ್ಲಾಡದ ಅತ್ತೆ

ಹನೂರಿನ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಬೇವಿನ ಮರದ ಹತ್ತಿರ ಏನೋ ಕಂಡಿತು ಎಂದು ಹುಡುಗಿಯರು ಬಂದರೆ, ಏನಿರಬಹುದು ಎಂದು ಮೂರು ಕಾರಣ ಬರೆದು ತನ್ನಿ ಎಂದು ಕಳಿಸುವವಳು. ಇಂಥ ಅನುಭವಗಳನ್ನು ಬರೆಯುವವರನ್ನು ಕಂಡರೆ ಒಳಗೊಳಗೇ ನಗುತ್ತಿದ್ದೆ. ಈಗ ನೀವು ನನ್ನನ್ನು ನೋಡಿ ನಕ್ಕರೂ ಬೇಜಾರಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ನನಗೆ ಹಕ್ಕಿಗಳ ಚಿತ್ರ ತೆಗೆಯುವ ಹುಚ್ಚು. ಕ್ಯಾಮೆರಾ ಹೊಸದು, ಲೆನ್ಸ್ ಮಾತ್ರ ನನಗಿಂತ ಹಳೆಯದು. ಕೊಳ್ಳೇಗಾಲದಲ್ಲಿ ಸ್ಟುಡಿಯೊ ಮುಚ್ಚಿದವರೊಬ್ಬರು ಕೊಟ್ಟದ್ದು, ಕೈಯಿಂದಲೇ ತಳ್ಳಿ ಎಳೆದು ಜೂಮ್ ಮಾಡಬೇಕು. ಅತ್ತೆ ಅದನ್ನು ‘ಕೊಳವೆ’ ಎನ್ನುತ್ತಾರೆ. ಕೈ ನಡುಗಿದರೂ ಚಿತ್ರ ಕೆಡದಂತೆ ಕಾಪಾಡುವ ಏರ್ಪಾಡು ಕ್ಯಾಮೆರಾದೊಳಗೇ ಇದೆ. ಆದರೆ ಹಳೆಯ ಲೆನ್ಸು ಎಷ್ಟಕ್ಕೆ ಜೂಮ್ ಆಗಿದೆ ಎಂಬುದು ಅದಕ್ಕೆ ತಿಳಿಯುವುದಿಲ್ಲ, ಆ ಅಂಕಿಯನ್ನು ನಾವೇ ತುಂಬಿಸಬೇಕು. ಇನ್ನೂರು ಎಂದು ಹೇಳಿ ಎಂಬತ್ತರಲ್ಲಿ ತೆಗೆದರೆ, ಪಾಪ, ಅದು ಇಲ್ಲದ ನಡುಕವನ್ನು ತಡೆಯಲು ಹೋಗಿ ತಾನೇ ಚಿತ್ರವನ್ನು ಅಲ್ಲಾಡಿಸಿಬಿಡುತ್ತದೆ. ಗೊತ್ತಿದ್ದೂ ನಾನು ಮರೆಯುತ್ತಿದ್ದೆ.

ಲೊಕ್ಕನಹಳ್ಳಿಯಲ್ಲಿ ನಮ್ಮ ಮನೆ. ಹಿಂದೊಂದು ದೊಡ್ಡ ಬಂಡೆ, ಅದರಾಚೆ ಹೊಲ, ಹೊಲ ಮುಗಿದಲ್ಲಿ ಆನೆ ದಾಟದಂತೆ ತೋಡಿದ ಕಂದಕ, ಆಮೇಲೆ ಕಾಡು. ಆ ಭಾನುವಾರ ಮಧ್ಯಾಹ್ನ ಎರಡೂವರೆಗೆ ಅತ್ತೆ ಅಂಗಳದಿಂದ ಕೂಗಿದರು.

“ಕಡಸು ಅಗ್ಗ ಕಿತ್ಕಂಡು ಓಗದೆ ಕಣವ್ವ. ಬಾ, ಇಬ್ರೂ ಉಡ್ಕುವ.”

“ನೀವು ಹೋಗಿರಿ ಅತ್ತೆ, ಹಿಂದೆಯೇ ಬರುತ್ತೇನೆ” ಎಂದೆ. ಹೋಗಲಿಲ್ಲ. ಕ್ಯಾಮೆರಾ ಹೆಗಲಿಗೇರಿಸಿ ಬಂಡೆ ಹತ್ತಿದೆ. ಒಂದು ಹದ್ದಿನ ಹಿಂದೆ ಬಿದ್ದು ಒಂದೂವರೆ ಗಂಟೆ ಕಳೆದೆ. ಅದು ಹಾರಿಹೋದ ಮೇಲೆ ಬರಿಗೈಯಲ್ಲಿ ಇಳಿಯುವುದೇಕೆಂದು ಹೊಲದ ಕಡೆಗೂ ನಾಲ್ಕಾರು ಚಿತ್ರ ಕ್ಲಿಕ್ಕಿಸಿದೆ. ಮೋಡ ಮುಸುಕಿತ್ತು. ನಡುಕ ತಡೆಯುವ ಏರ್ಪಾಡು ಇದೆಯಲ್ಲ ಎಂಬ ಧೈರ್ಯದಲ್ಲಿ ಶಟರ್ ನಿಧಾನ ಇಟ್ಟಿದ್ದೆ.

ಐದೂವರೆಗೆ ಕಡಸು ಒಂದೇ ಮನೆಗೆ ಬಂತು. ಅತ್ತೆ ಬರಲಿಲ್ಲ. ಎರಡು ದಿನದ ಹಿಂದಷ್ಟೇ ಆನೆಗಳು ಪಕ್ಕದ ಜೋಳದ ಹೊಲ ತುಳಿದು ಹೋಗಿದ್ದವು, ಕತ್ತಲಾದರೆ ಆ ಕಡೆ ಯಾರೂ ಕಾಲಿಡುವ ಹಾಗಿರಲಿಲ್ಲ. ಕಡಸು ಕೆರೆ ಕಡೆಯಿಂದ ಬಂದದ್ದರಿಂದ ನಮ್ಮ ಯಜಮಾನರೂ ಪಕ್ಕದ ಮನೆಯ ಮಾದಪ್ಪನೂ ಟಾರ್ಚು ಹಿಡಿದು ಕೆರೆ ಕಡೆಗೇ ಓಡಿದರು. ಕರೆದಾಗ ಹೋಗಿದ್ದರೆ ಎಂದು ನನಗೆ ಹತ್ತು ಸಲ ಅನ್ನಿಸಿತು.

ಚಿತ್ರಗಳಲ್ಲಿ ಎಲ್ಲಾದರೂ ಕಂಡಾರೇನೋ ಎಂದು ಕ್ಯಾಮೆರಾ ತೆಗೆದೆ. ಹೊಲದ ಚಿತ್ರಗಳೆಲ್ಲ ಹಾಳು. ಹದ್ದಿಗೆಂದು ಇನ್ನೂರು ಇಟ್ಟವಳು, ಲೆನ್ಸನ್ನು ಎಂಬತ್ತಕ್ಕೆ ಎಳೆದಾಗ ಅಂಕಿ ಬದಲಿಸಿರಲೇ ಇಲ್ಲ. ನನ್ನನ್ನೇ ಬೈದುಕೊಂಡು ಒಂದೊಂದನ್ನೇ ದಾಟಿಸಿದೆ. ಕೊನೆಯದರಲ್ಲಿ ಬೆರಳು ನಿಂತಿತು.

ಅದರಲ್ಲೂ ಬೇಲಿ ಕಂಬಗಳು ಒಂದಕ್ಕೆರಡಾಗಿದ್ದವು, ಹೊಂಗೆ ಮರ ಕಲಸಿಹೋಗಿತ್ತು. ಆದರೆ ಕಂದಕದ ಏರಿಯ ಮೇಲೆ ಅತ್ತೆ ನಿಂತಿದ್ದರು, ಕೊರೆದಿಟ್ಟಷ್ಟು ಸ್ಪಷ್ಟವಾಗಿ. ಹಸಿರು ಸೀರೆಯ ಹಳದಿ ಅಂಚು, ಕೈಯಲ್ಲಿದ್ದ ಹಗ್ಗದ ತುಂಡು, ಎಲ್ಲವೂ ಕಾಣುತ್ತಿತ್ತು. ಮುಖ ನನ್ನ ಕಡೆಗೇ ಇತ್ತು.

ಆಗ ಯೋಚಿಸುವಷ್ಟು ವ್ಯವಧಾನ ಇರಲಿಲ್ಲ. ಯಜಮಾನರಿಗೆ ಫೋನು ಮಾಡಿದೆ.

“ಆ ಕಡೆ ಯಾಕ್ ಓದಾಳು? ಕಡಸು ಬಂದದ್ದು ಕೆರೆ ತಾವಿಂದ ಅಲ್ವಾ?”

“ಫೋಟೋದಲ್ಲಿ ಇದ್ದಾರೆ, ಬನ್ನಿ” ಎಂದು ಕಿರುಚಿ ನಾನೂ ಓಡಿದೆ.

ಅತ್ತೆ ಕಂದಕದೊಳಗೆ ಬಿದ್ದಿದ್ದರು. ಪಾದ ಸೊಟ್ಟ ತಿರುಗಿತ್ತು, ಕೂಗಿ ಕೂಗಿ ದನಿ ಹೋಗಿತ್ತು. ನಾನು ಜಾರಿ ಇಳಿದಾಗ ಅವರು ಹೇಳಿದ ಮೊದಲ ಮಾತು, “ಬಂದ್ಯಾ? ಇಂದೇಯ ಬತ್ತೀನಿ ಅಂದಿದ್ದೆ.” ಅವರನ್ನು ತಬ್ಬಿಕೊಂಡು ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟೆ. ಬೆಳಕು ಪೂರ್ತಿ ಹೋಗುವುದರೊಳಗೆ ಗಂಡಸರಿಬ್ಬರೂ ಸೇರಿ ಅವರನ್ನು ಮೇಲೆತ್ತಿದರು. ಕೊಳ್ಳೇಗಾಲದ ಡಾಕ್ಟರು ಕಣಕಾಲಿನ ಮೂಳೆ ಮುರಿದಿದೆ, ಬೇರೇನೂ ಭಯವಿಲ್ಲ ಎಂದಾಗ ನನಗೆ ಸಂಜೆಯಿಂದ ಕಟ್ಟಿದ್ದ ಉಸಿರು ಬಿಟ್ಟ ಹಾಗಾಯಿತು. ಆನೆಗಳು ಅದೇ ರಾತ್ರಿ ಆ ಏರಿಯನ್ನು ಕೆಡವಿ ಹೊಲಕ್ಕೆ ಇಳಿದಿದ್ದವಂತೆ.

ವಾರದ ಮೇಲೆ ಚಿತ್ರವನ್ನು ಅತ್ತೆಗೆ ತೋರಿಸಿದೆ.

“ನಾನೇ ಕಣವ್ವ. ಆದ್ರೆ ನಾನೆಲ್ಲಿ ನಿಂತಿದ್ದೆ? ಮೂರ್ ಗಂಟೆ ಬಸ್ಸು ಆರ್ನ್ ಒಡದಾಗ್ಲೇ ಒಳಗ್ ಬಿದ್ದಿದ್ದೆ. ನೀ ಬಂಡೆ ಮ್ಯಾಲೆ ಇರ್ತೀಯೆ ಅಂತ ನಿನ್ನೇ ಕೂಗ್ತಿದ್ದೆ.” ಇಷ್ಟು ಹೇಳಿ ಅವರೆಕಾಯಿ ಸುಲಿಯತೊಡಗಿದರು.

ಚಿತ್ರ ತೆಗೆದದ್ದು ನಾಲ್ಕು ಹನ್ನೆರಡಕ್ಕೆ. ಕ್ಯಾಮೆರಾದ ಗಡಿಯಾರ ಸರಿಯಾಗೇ ಇತ್ತು. ಬಸ್ಸು ಅಂದು ತಡವಾಗಿ ಬಂದಿತ್ತೇ? ವಿಚಾರಿಸಿದೆ, ಇಲ್ಲವಂತೆ. ಅದು ಹಾಗಿರಲಿ, ಕ್ಯಾಮೆರಾ ಅಲ್ಲಾಡಿದರೆ ಬೇಲಿ, ಮರ, ಮನುಷ್ಯ ಎಲ್ಲವೂ ಒಟ್ಟಿಗೇ ಅಲ್ಲಾಡಬೇಕು. ಒಬ್ಬರನ್ನು ಮಾತ್ರ ಬಿಟ್ಟು ಉಳಿದದ್ದನ್ನು ಅಲ್ಲಾಡಿಸುವ ನಡುಕ ನನ್ನ ಪಾಠದಲ್ಲಿ ಎಲ್ಲೂ ಇಲ್ಲ. ಹುಡುಗಿಯರಿಗೆ ಮೂರು ಕಾರಣ ಕೇಳುವ ನನಗೆ ಒಂದೂ ಸಿಕ್ಕಿಲ್ಲ.

ಕಾಲು ವಾಸಿಯಾದ ಮೇಲೆ ಅಂಥದೇ ಮೋಡದ ದಿನ ನೋಡಿ, ಅದೇ ಹಸಿರು ಸೀರೆ ಉಡಿಸಿ, ದುರಸ್ತಿಯಾದ ಏರಿಯ ಮೇಲೆ ಅತ್ತೆಯನ್ನು ನಿಲ್ಲಿಸಿದೆ. ಯಜಮಾನರು ಪಕ್ಕದಲ್ಲಿ ಕಾವಲಿದ್ದರು. ಬಂಡೆ ಹತ್ತಿ, ಬೇಕೆಂದೇ ಇನ್ನೂರು ತುಂಬಿಸಿ, ಎಂಬತ್ತರಲ್ಲಿ ನಲವತ್ತು ಚಿತ್ರ ತೆಗೆದೆ. ಬಂಡೆಯ ಮೇಲೇ ಕೂತು ಒಂದೊಂದನ್ನೂ ದೊಡ್ಡದು ಮಾಡಿ ನೋಡಿದೆ. ನಲವತ್ತರಲ್ಲೂ ಅತ್ತೆ ಬೇಲಿಯ ಹಾಗೆಯೇ ಅಲ್ಲಾಡಿದ್ದರು. ಕೆಟ್ಟ ಚಿತ್ರ ನೋಡಿ ಅಷ್ಟು ನೆಮ್ಮದಿಯಾದದ್ದು ಅದೇ ಮೊದಲು.

ಮನೆಗೆ ಬಂದ ಮೇಲೆ ಅತ್ತೆ ಕನ್ನಡಕ ಹಾಕಿಕೊಂಡು ಪರದೆಗೆ ಬಗ್ಗಿದರು.

“ಇದ್ಯಾಕವ್ವ ನನ್ ಮೂತಿ ಎಲ್ಡಾಗದೆ?”

“ಚೆನ್ನಾಗಿ ಬಂದಿದೆ ಅತ್ತೆ” ಎಂದೆ.