ಲೇಸರ್ ಪೆಟ್ಟಿಗೆಯೊಳಗಿನ ಕುಂಕುಮ

ಗೆಳೆಯರೇ, ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಕೆ.ಆರ್. ಪೇಟೆಯ ನನ್ನ ರೇಡಿಯೋ ರಿಪೇರಿ ಅಂಗಡಿಗೆ ಇವತ್ತು ಬೆಳಿಗ್ಗೆ ಬಿಂಡಿಗನವಿಲೆಯ ಶಾಮಿಯಾನದ ಕೆಂಪಣ್ಣ ಲೇಸರ್ ಲೈಟಿನ ಪೆಟ್ಟಿಗೆ ತಂದಿಟ್ಟ. ಮದುವೆ ಮನೆಯ ಗೋಡೆ ಮೇಲೆ ಕೆಂಪು ಬಳ್ಳಿ, ಚಕ್ರ ಬಿಡಿಸುತ್ತದಲ್ಲ, ಅದು.

"ಮೊನ್ನೆ ಗಂಟ ಚೆಂದಾಗಿತ್ತು ಕಣ್ಲಾ. ಇವತ್ತು ಗ್ವಾಡೆ ಮ್ಯಾಲೆ ಏನೂ ಬತ್ತಾ ಇಲ್ಲ. ಸಂಜೆ ಗಂಜಾಂನಲ್ಲಿ ಆರತಕ್ಷತೆ ಅದೆ" ಎಂದ.

ಇಂಥದ್ದನ್ನು ನಾನು ಬಿಚ್ಚಿದ್ದು ಇದೇ ಮೊದಲು. ಫ್ಯೂಸ್ ಸರಿಯಿತ್ತು. ಮೀಟರ್ ಹಿಡಿದರೆ ಕರೆಂಟೂ ಬರುತ್ತಿತ್ತು. ಬೆಳಕನ್ನು ಗೋಡೆಗೆ ಹಾಯಿಸುವ ಕನ್ನಡಿಯ ಮೋಟಾರೂ ತಿರುಗುತ್ತಿತ್ತು. ನನಗೇ ಕೆಲಸ ಬರುವುದಿಲ್ಲವೇನೋ ಎಂದು ವೈರುಗಳನ್ನೆಲ್ಲ ಬಿಚ್ಚಿ ಮತ್ತೆ ಬೆಸೆದೆ. ಪಕ್ಕದಲ್ಲಿ ಕುಳಿತ ಕೆಂಪಣ್ಣ, "ಗೊತ್ತಿಲ್ದಿದ್ರೆ ಮೊದ್ಲೇ ಏಳ್ಬೇಕಿತ್ತು" ಎಂದು ಮೂರು ಸಲ ಅಂದ.

ಕಡೆಗೆ ಮೋಟಾರು ನಿಲ್ಲಿಸಿ ಕನ್ನಡಿ ನೋಡಿದೆ. ಬೆಳಕು ಬೀಳುವ ಜಾಗದಲ್ಲೇ ಕಾಸಗಲ ಗಂಧ, ಅದರ ಮೇಲೆ ಕುಂಕುಮ.

"ನಿನ್ನೆ ಆಯುಧಪೂಜೆ ಅಲ್ವಾ? ಮೇಲ್ಗಡೆ ಇಕ್ಕಿದ್ರೆ ಅಳಿಸೋಯ್ತದೆ ಅಂತ ಮುಚ್ಚಳ ಬಿಚ್ಚಿ ಒಳಗೇ ಇಕ್ಕಿದೆ" ಎಂದ, ಹೆಮ್ಮೆಯಿಂದ.

ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಗೋಡೆಯ ಮೇಲೆ ಚಕ್ರ ಬಂತು. ಅದನ್ನು ನೋಡುವುದು ಬಿಟ್ಟು ಅವನು, "ಪೂಜೆ ಕುಂಕುಮ ಅಳಿಸ್ಬುಟ್ಯಲ್ಲಾ, ಒಳ್ಳೇದಾಯ್ತದಾ?" ಎಂದು ನನ್ನನ್ನೇ ಗದರಿದ. ಜೇಬಿನಿಂದ ಕುಂಕುಮದ ಪೊಟ್ಟಣ ತೆಗೆದ. ನಾನು ಪೆಟ್ಟಿಗೆಯನ್ನು ಅವುಚಿ ಹಿಡಿದೆ. ಅವನು ಬೆರಳು ಒದ್ದೆ ಮಾಡಿಕೊಂಡು ನನ್ನ ಮೀಟರಿನ ಗಾಜಿಗೆ ಬೊಟ್ಟಿಟ್ಟ.

ಈಗ ಮೀಟರಿನ ಮುಳ್ಳೇ ಕಾಣುತ್ತಿಲ್ಲ. ಒರೆಸೋಣವೆಂದರೆ ಕೆಂಪಣ್ಣ ಪೆಟ್ಟಿಗೆ ಹಿಡಿದುಕೊಂಡು ಅಂಗಡಿ ಎದುರಿಗೇ ಬಸ್ಸಿಗೆ ಕಾಯುತ್ತ, ನನ್ನನ್ನೇ ನೋಡುತ್ತ ನಿಂತಿದ್ದಾನೆ.