ತಿರುಗಿ ನೋಡದೆ ಹಳ್ಳ ದಾಟಿದ ದಿನ

ಇವತ್ತು ಪಂಚಾಯಿತಿ ಅಧ್ಯಕ್ಷೆಯಾದ ನನಗೆ ಊರಿನವರು ಶಾಲಿನ ಬದಲು ಕರಿಕಂಬಳಿ ಹೊದಿಸಿದರು. ಅದರ ಉಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಭರಮಸಾಗರದ ಕಡೆಯ ಹಳ್ಳದ ದಡದಲ್ಲಿ ಮತ್ತೆ ಲಂಗದ ಹುಡುಗಿಯಾಗಿ ನಿಂತಿದ್ದೆ.

ಹಳ್ಳದಲ್ಲಿ ಮೊಣಕಾಲುದ್ದ ಕೆಂಪು ನೀರು.

"ಇವತ್ತು ಕುರಿ ದಾಟ್ಸೋದು ಇವಳೇ," ಎಂದ ತಾತ.

"ಹೆಣ್ಣುಡ್ಗಿ ಹಿಂದೆ ಕುರಿ ಹೋಗ್ತಾವೇನಪ್ಪಾ?" ಎಂದು ದೊಡ್ಡಪ್ಪ ನಕ್ಕ.

ಹಿಂಡಿನ ಹಿಂದೆ ನಿಂತು ಕೋಲು ಬೀಸಿದೆ, ಒಂದೂ ಕದಲಲಿಲ್ಲ. ಮುಂದೆ ಹೋಗಿ ನೀರಿಗಿಳಿದೆ. ಬರುತ್ತಿವೆಯೇ ಎಂದು ತಿರುಗಿದ್ದೇ ತಪ್ಪಾಯಿತು. ನನ್ನ ಹಿಂದೆ ಹೊರಟಿದ್ದ ಟಗರು ಗಕ್ಕನೆ ನಿಂತಿತು.

"ತಿರುಗಬ್ಯಾಡವ್ವ! ನೀನು ಅನುಮಾನ ಪಟ್ರೆ ಅದೂ ಪಡ್ತೈತೆ. ಸುಮ್ನೆ ನಡಿ!" ತಾತ ಕೂಗಿದ.

ನಡೆದೆ. ತಿರುಗಬೇಕೆಂಬ ಆಸೆಗೆ ಕತ್ತೇ ನೋಯುತ್ತಿತ್ತು. ನಡುಹಳ್ಳದಲ್ಲಿದ್ದಾಗ ಬೆನ್ನ ಹಿಂದೆ ದುಡುಂ ಎಂದು ಒಂದು ಸದ್ದು, ಆಮೇಲೆ ಇಡೀ ಹಿಂಡು ನೀರಿಗೆ ಬಿದ್ದ ಸದ್ದು. ಆಚೆ ದಡ ಹತ್ತಿದಾಗ ನನ್ನ ಸುತ್ತಲೂ ಒದ್ದೆ ಉಣ್ಣೆಯ ವಾಸನೆ.

"ನೋಡ್ಲೇ, ಹೋದ್ವೋ ಇಲ್ವೋ!" ತಾತ ದೊಡ್ಡಪ್ಪನನ್ನು ಕೇಳುತ್ತಿದ್ದದ್ದು ನಾನಿದ್ದ ದಡಕ್ಕೂ ಕೇಳಿಸಿತು.

"ಅಧ್ಯಕ್ಷರೇ, ಬರ್ರಿ, ಮಾತಾಡ್ರಿ," ಎಂದು ಈಗ ಊರಿನವರು ಕರೆದರು. ವೇದಿಕೆಯಲ್ಲಿ ನನ್ನ ಹಿಂದೆ ಕೂತಿದ್ದ ಸದಸ್ಯರೊಬ್ಬರು ಕಿಸಕ್ಕನೆ ನಕ್ಕರು.

ನಾನು ತಿರುಗಲಿಲ್ಲ. ಕಂಬಳಿ ಸರಿಮಾಡಿಕೊಂಡು ಮೈಕಿನತ್ತ ನಡೆದೆ.